ನಿಮಗಿದು ಗೊತ್ತೇ? ಹುಲಿ ಕಟ್ಟಿಬಿದ್ದದ್ದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ?

◆ ಚದುರಂಗದ ಹಲಗೆಯ ಮೇಲೆ ಇಬ್ಬರು ರಾಜರೂ ಸೇರಿ ಏಳೇ ಕಾಯಿ ಉಳಿದಿದ್ದರೆ, ಆ ಆಟದ ಫಲಿತಾಂಶ ಆಗಲೇ ಬರೆದಿಟ್ಟಾಗಿದೆ. ಅದು ಅಂದಾಜಲ್ಲ, ಪಂಡಿತರ ಅಭಿಪ್ರಾಯವೂ ಅಲ್ಲ. ಗೆಲುವೋ ಸೋಲೋ ಡ್ರಾವೋ ಎಂದು ಒಂದೊಂದನ್ನೂ ಲೆಕ್ಕ ಹಾಕಿ ಮುಗಿಸಿದ ಇಂಥ ಸ್ಥಿತಿಗಳು ಸುಮಾರು 424 ಲಕ್ಷ ಕೋಟಿ.

◆ ಆ ಪಟ್ಟಿಗೆ ಟೇಬಲ್‌ಬೇಸ್ ಎಂದು ಹೆಸರು. ಚೆಸ್ ಆಡುವ ಪ್ರೋಗ್ರಾಮನ್ನು ಎಂಜಿನ್ ಎನ್ನುತ್ತಾರೆ. ನಾನು ಇದಾಡಿದರೆ ಅವನು ಅದಾಡುತ್ತಾನೆ, ಆಗ ನಾನು ಇನ್ನೊಂದು ಆಡುತ್ತೇನೆ ಎಂದು ಕವಲೊಡೆಯುತ್ತ ಹೋಗುವ ದಾರಿಗಳನ್ನೆಲ್ಲ ಎಂಜಿನ್ ಹುಡುಕುತ್ತದೆ. ಒಂದು ಸ್ಥಿತಿಗೆ ಸರಾಸರಿ 35 ನಡೆ ಎಂದಿಟ್ಟುಕೊಂಡರೂ, ಇಬ್ಬರೂ ಎರಡೆರಡು ಸಲ ಕಾಯಿ ನಡೆಸುವಷ್ಟರಲ್ಲಿ 15 ಲಕ್ಷ ದಾರಿಗಳಾಗುತ್ತವೆ. ಈ ಹುಡುಕಾಟದ ನಡುವೆ ಗೊತ್ತಿರುವ ಕೊನೆಯಾಟವೊಂದು ಎದುರಾದರೆ ಎಂಜಿನ್ ಅಲ್ಲೇ ನಿಂತು, ಪಟ್ಟಿಯಲ್ಲಿರುವ ಉತ್ತರ ತೆಗೆದುಕೊಂಡು ಹಿಂದಿರುಗುತ್ತದೆ. ಯಂತ್ರ ಸೆಕೆಂಡಿಗೆ ಎಷ್ಟು ಲಕ್ಷ ಸ್ಥಿತಿ ನೋಡುತ್ತದೆಂದು ನಾವು ಬೆರಗಾಗುತ್ತೇವೆ. ನನ್ನನ್ನು ಕೇಳಿದರೆ, ಎಲ್ಲಿ ನೋಡುವುದನ್ನು ನಿಲ್ಲಿಸಬೇಕೆಂದು ಅದಕ್ಕೆ ಕಲಿಸಿದ್ದೇ ದೊಡ್ಡ ಜಾಣತನ.

◆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಪಳಗಿದ ರೀಲರು ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ನೂಲು ಎಷ್ಟು ಬರುತ್ತದೆಂದು ಅಲ್ಲೇ ಬಿಚ್ಚುತ್ತಾ ಕೂರುವುದಿಲ್ಲ. ಎಂಜಿನ್ನಿನ ಒಳಗೂ ಹೀಗೆ ನೋಡಿದೊಡನೆ ಸ್ಥಿತಿಯನ್ನು ಗುರುತಿಸುವ ಕೆಲಸಕ್ಕೆಂದೇ ಬರೆದ ಕೋಡ್ ಇರುತ್ತದೆ, ಅದಕ್ಕೆ ರೆಕಗ್ನೈಸರ್ ಎನ್ನುತ್ತಾರೆ. ನಾವು ಗುರುತುಗಾರ ಎನ್ನೋಣ.

◆ ಇದೆಲ್ಲ ಚೆಸ್ಸಿಗೆ ಮಾತ್ರ ಅಂದುಕೊಳ್ಳಬೇಡಿ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುವ ಹುಲಿ-ಕುರಿ ಆಟವೂ ಈ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕಡೆ ಇದಕ್ಕೆ ಹೆಸರು ಹಲವು. ಹುಲಿ-ಕುರಿ ಅನ್ನುವವರಿದ್ದಾರೆ, ಆಡು-ಹುಲಿ ಅನ್ನುವವರಿದ್ದಾರೆ. ಚಿಂತಾಮಣಿಯಿಂದ ಆಚೆಗೆ, ತೆಲುಗು ಮಾತಾಡುವ ಮನೆಗಳಲ್ಲಿ ಪುಲಿ-ಮೇಕ. ಮೂರು ಹುಲಿ, ಹದಿನೈದು ಕುರಿ, ಗೆರೆಗಳು ಕೂಡುವ 23 ಜಾಗ. ಕುರಿಯವನು ಒಂದೊಂದೇ ಹುಣಿಸೆಬೀಜ ಇಡುತ್ತಾ ಬರುತ್ತಾನೆ. ಹುಲಿ ಹಾರಿ ತಿನ್ನುತ್ತದೆ. ಹುಲಿಗಳಿಗೆ ಅಲುಗಾಡಲೂ ಜಾಗವಿಲ್ಲದಂತೆ ಕಟ್ಟಿಹಾಕಿದರೆ ಕುರಿಗಳು ಗೆದ್ದಂತೆ.

ನೇಪಾಳದಲ್ಲಿ ಇದರ ದಾಯಾದಿ ಆಟವೊಂದಿದೆ, ಬಾಘ್‌ಚಾಲ್. ಅಲ್ಲಿ ನಾಲ್ಕು ಹುಲಿ, ಇಪ್ಪತ್ತು ಕುರಿ, 25 ಜಾಗ. ಹುಲಿ ಐದು ಕುರಿ ತಿಂದರೆ ಗೆಲುವು. ಜ್ಯೂರಿಕ್‌ನ ಕಂಪ್ಯೂಟರ್ ವಿಜ್ಞಾನಿ ಯುರ್ಗ್ ನೀವರ್‌ಗೆಲ್ಟ್ ಮತ್ತು ಸಿಂಗಪುರದ ಲಿಮ್ ಯೂ ಜಿನ್ 2000ರ ದಶಕದಲ್ಲಿ ಈ ಆಟದ ಲೆಕ್ಕ ಮುಗಿಸಿದರು. ಅವರು ಹಿಡಿದ ದಾರಿ ನೋಡುವಂಥದ್ದು. ಕುರಿಗಳನ್ನೆಲ್ಲ ಇಟ್ಟಾದ ಮೇಲೆ ಬರೀ ಸರಿಸುವ ಹಂತ ಬರುತ್ತದಲ್ಲ, ಅಲ್ಲಿ ಬರಬಹುದಾದ ಸ್ಥಿತಿಗಳನ್ನು ಎಣಿಸಿದರು. ಎಡ-ಬಲ, ಮೇಲೆ-ಕೆಳಗೆ ತಿರುಗಿಸಿದರೆ ಒಂದೇ ಆಗುವುದನ್ನು ಬಿಟ್ಟು 8,82,60,972 ಬಂತು. ಅಷ್ಟಕ್ಕೂ ಮೊದಲೇ ಉತ್ತರ ಬರೆದಿಟ್ಟರು. ಆಮೇಲೆ ಆಟದ ಆರಂಭದಿಂದ ಹುಡುಕುತ್ತ ಬಂದರು. ಇಪ್ಪತ್ತನೆಯ ಕುರಿ ಇಟ್ಟಾದ ಕ್ಷಣ ಪಟ್ಟಿ ಕೈಗೆ ಸಿಕ್ಕಿತು, ಮುಂದೆ ಒಂದು ನಡೆಯನ್ನೂ ಹುಡುಕಬೇಕಾಗಲಿಲ್ಲ.

ಫಲಿತಾಂಶ? ಎರಡೂ ಕಡೆಯವರು ತಪ್ಪದೆ ಆಡಿದರೆ ಡ್ರಾ. ಹುಲಿ ಉಪವಾಸ ಸಾಯುವುದಿಲ್ಲ, ಹಿಂಡೂ ಮುಗಿಯುವುದಿಲ್ಲ.

◆ ಹಾಗಾದರೆ ಆ ಪಟ್ಟಿ ತಯಾರಿಸುವುದು ಹೇಗೆ? ಕೊನೆಯಿಂದ ಹಿಂದಕ್ಕೆ. ಹುಲಿಗಳೆಲ್ಲ ಕಟ್ಟಿಬಿದ್ದಿರುವ ಸ್ಥಿತಿಗಳನ್ನೆಲ್ಲ ಮೊದಲು ಹುಡುಕಿ ‘ಕುರಿ ಗೆದ್ದಿತು’ ಎಂದು ಗುರುತು ಹಾಕಿ. ಈಗ ಒಂದು ಹೆಜ್ಜೆ ಹಿಂದೆ ಬನ್ನಿ. ನಡೆ ಕುರಿಯದು, ಒಂದೇ ಒಂದು ನಡೆಯಿಂದಲಾದರೂ ಗುರುತು ಹಾಕಿದ ಸ್ಥಿತಿಗೆ ಹೋಗಬಹುದು ಎಂದಾದರೆ ಅದೂ ಕುರಿಯ ಗೆಲುವೇ. ಇನ್ನೊಂದು ಹೆಜ್ಜೆ ಹಿಂದೆ ಬಂದರೆ ನಡೆ ಹುಲಿಯದು. ಅದು ಎತ್ತ ಹೋದರೂ ಗುರುತು ಹಾಕಿದ ಸ್ಥಿತಿಗೇ ಬೀಳುವುದಾದರೆ ಮಾತ್ರ ಕುರಿಯ ಗೆಲುವು. ತಪ್ಪಿಸಿಕೊಳ್ಳಲು ಒಂದು ಸಂದಿ ಇದ್ದರೂ ಗುರುತು ಹಾಕುವಂತಿಲ್ಲ. ಹೀಗೆ ಹೊಸ ಗುರುತು ಬೀಳುವುದು ನಿಲ್ಲುವವರೆಗೆ ಹಿಂದೆ ಹಿಂದೆ ಬರುತ್ತಿರಬೇಕು. ಹುಲಿಯ ಗೆಲುವುಗಳಿಗೂ ಇದೇ ಕ್ರಮ. ಕೊನೆಗೆ ಯಾವ ಗುರುತೂ ಬೀಳದೆ ಉಳಿದದ್ದೆಲ್ಲ ಡ್ರಾ.

ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ 1965ರಲ್ಲಿ ಈ ಉಪಾಯವನ್ನು ಚೆಸ್ಸಿಗೆ ಅನ್ವಯಿಸಬಹುದೆಂದು ಬರೆದರು. ಜರ್ಮನಿಯ ಥಾಮಸ್ ಸ್ಟ್ರೋಲೈನ್ 1970ರ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಕೆಲವು ಚಿಕ್ಕ ಕೊನೆಯಾಟಗಳಿಗೆ ಅದನ್ನು ಮಾಡಿ ತೋರಿಸಿದರು.

◆ ಸಾಲುಮನೆ ಆಟ ಬಲ್ಲಿರಾ? ಒಂದರೊಳಗೊಂದು ಮೂರು ಚೌಕ, 24 ಜಾಗ, ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ; ಮೂರನ್ನು ಸಾಲಾಗಿ ಸೇರಿಸಿದರೆ ಎದುರಾಳಿಯ ಒಂದು ಕಾಯಿ ಕಿತ್ತುಕೊಳ್ಳಬಹುದು. ತೆಲುಗಿನವರ ದಾಡಿ ಆಟ ಇದೇ. ಸ್ವಿಟ್ಜರ್ಲೆಂಡಿನ ರಾಲ್ಫ್ ಗಾಸರ್ 1993ರಲ್ಲಿ ಇದರ ಲೆಕ್ಕ ಮುಗಿಸಿದರು. ಸುಮಾರು 767 ಕೋಟಿ ಸ್ಥಿತಿಗಳ ಪಟ್ಟಿ ಒಂದು ಕಡೆಯಿಂದ, 18 ನಡೆಯ ಹುಡುಕಾಟ ಇನ್ನೊಂದು ಕಡೆಯಿಂದ. ಎರಡೂ ನಡುದಾರಿಯಲ್ಲಿ ಕೂಡಿದವು. ಇದೂ ಡ್ರಾ.

◆ ಅಳಿಗುಳಿಮಣೆಯ ಆಫ್ರಿಕದ ನಂಟ ಅವಾರಿ. 12 ಗುಳಿ, 48 ಬೀಜ. ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ 2002ರಲ್ಲಿ ಅದರ ಎಲ್ಲ ಸ್ಥಿತಿಗಳನ್ನೂ ಪಟ್ಟಿ ಮಾಡಿದರು. ಒಟ್ಟು 88,906 ಕೋಟಿಗೂ ಹೆಚ್ಚು. ಮತ್ತೆ ಡ್ರಾ! ಜಗಲಿಯ ಆಟಗಳನ್ನು ಕಟ್ಟಿದವರು ಯಾರೋ, ತಕ್ಕಡಿ ಮಾತ್ರ ಸರಿಯಾಗಿ ಹಿಡಿದಿದ್ದರು.

◆ ಡ್ರಾಫ್ಟ್ಸ್ ಅಥವಾ ಚೆಕರ್ಸ್ ಆಟದ್ದೂ ಅದೇ ಕಥೆ. ಕೆನಡಾದ ಜೊನಾಥನ್ ಶೆಫರ್ ಮತ್ತು ಸಂಗಡಿಗರು 1989ರಲ್ಲಿ ಶುರು ಮಾಡಿದ ‘ಚಿನೂಕ್’ ಯೋಜನೆ 2007ರಲ್ಲಿ ಡ್ರಾ ಎಂದು ಘೋಷಿಸಿತು. ಹತ್ತು ಅಥವಾ ಅದಕ್ಕಿಂತ ಕಡಿಮೆ ಕಾಯಿಯ ಪಟ್ಟಿಯಲ್ಲೇ 39 ಲಕ್ಷ ಕೋಟಿ ಸ್ಥಿತಿಗಳಿದ್ದವು. 18 ವರ್ಷದ ಕೆಲಸ.

◆ ಪಗಡೆಗೆ ಈ ಉಪಾಯ ಪೂರ್ತಿ ಒಗ್ಗುವುದಿಲ್ಲ. ದಾಳ ಬಂದಲ್ಲಿ ‘ಖಚಿತ ಗೆಲುವು’ ಎಂಬುದೇ ಅಪರೂಪ, ಗೆಲ್ಲುವ ಸಂಭವ ಎಷ್ಟೆಂದು ಮಾತ್ರ ಬರೆದಿಡಬಹುದು. ಬ್ಯಾಕ್‌ಗ್ಯಾಮನ್ ಆಡುವ ಪ್ರೋಗ್ರಾಮುಗಳು ಕೊನೆಯ ಹಂತಕ್ಕೆ ಅಂಥ ಪಟ್ಟಿ ಇಟ್ಟುಕೊಂಡಿರುತ್ತವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದ ಹೆಸರು ಯಾರಿಂದ ಬಂತೋ, ಆ ವಿದುರ ಯಾವ ಪಟ್ಟಿಯನ್ನೂ ನೋಡದೆ ಪಗಡೆ ಬೇಡ ಎಂದಿದ್ದ.

◆ ಈಗ ಚದುರಂಗಕ್ಕೆ ಬರೋಣ. ಕನ್ನಡ ನಾಡಿಗೆ ಇದು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ 12ನೆಯ ಶತಮಾನದ್ದು. ಅದರಲ್ಲಿ ಚದುರಂಗದ ವಿವರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794–1868) ಹಲಗೆಯಾಟಗಳೆಂದರೆ ಪ್ರಾಣ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ‘ಕೌತುಕನಿಧಿ’ಯಲ್ಲಿ ಆಟಗಳ ವಿಷಯವೇ ಇದೆ.

◆ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸಿ, ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ, ಅಡ್ಡಸಾಲು ಉದ್ದಸಾಲುಗಳ ಮೊತ್ತವೆಲ್ಲ 260 ಬರುವಂತೆ ಮಾಡಬಹುದು. ಮುಮ್ಮಡಿಯವರು ಮೆಚ್ಚಿ ಮಾಡುತ್ತಿದ್ದ ಕಸರತ್ತು ಇದು. ಮೂಲೆಯಿಂದ ಮೂಲೆಗೆ ಎಳೆದ ಎರಡು ಕರ್ಣಗಳ ಮೊತ್ತವೂ 260 ಬರಬಲ್ಲದೇ? ಇಲ್ಲ. 2003ರಲ್ಲಿ ಕಂಪ್ಯೂಟರು ಇರುವ ಎಲ್ಲ ಸುತ್ತುಗಳನ್ನೂ ಹುಡುಕಿ ತೋರಿಸಿತು. ಹೀಗೆ ಮೊತ್ತ ಕೂಡಿಬರುವ ಬೇರೆಬೇರೆಯಾದ ಮಾಯಾಸುತ್ತು 140 ಇವೆ, ಅವುಗಳಲ್ಲಿ ಒಂದಕ್ಕೂ ಎರಡೂ ಕರ್ಣ ಕೂಡಿಬರುವುದಿಲ್ಲ.

◆ ಮುಂದೆ ಓದುವ ಮೊದಲು ಕಾಯಿಗಳ ಹೆಸರು ಇತ್ಯರ್ಥ ಮಾಡಿಕೊಳ್ಳೋಣ, ಊರಿಗೊಂದು ರೂಢಿ ಇರುವುದರಿಂದ. ಇಲ್ಲಿ ಮೂಲೆಯಲ್ಲಿ ನಿಲ್ಲುವುದು ಆನೆ, ಓರೆಯಾಗಿ ಓಡುವುದು ಒಂಟೆ, ಎಲ್ಲ ದಿಕ್ಕಿಗೂ ಓಡುವವನು ಮಂತ್ರಿ, ಮುಂದಿನ ಸಾಲಿನವರು ಕಾಲಾಳುಗಳು.

◆ ಕೊನೆಯಾಟ ಬಲ್ಲ ಮೊದಲ ಯಂತ್ರ ಕಂಪ್ಯೂಟರ್ ಹುಟ್ಟುವ ಮೊದಲೇ ಇತ್ತು. ಸ್ಪೇನಿನ ಎಂಜಿನಿಯರ್ ಲಿಯೊನಾರ್ಡೊ ಟೊರೆಸ್ ಕೆವೆಡೊ 1912ರಲ್ಲಿ ಕಟ್ಟಿದ ‘ಎಲ್ ಅಖೆದ್ರೆಸಿಸ್ತಾ’ಗೆ ಗೊತ್ತಿದ್ದದ್ದು ಒಂದೇ ಆಟ. ಯಂತ್ರದ ಕೈಯಲ್ಲಿ ರಾಜ ಮತ್ತು ಆನೆ, ಎದುರು ಮನುಷ್ಯನ ಕೈಯಲ್ಲಿ ಒಂಟಿ ರಾಜ. ವಿದ್ಯುತ್ ತಂತಿ, ಅಯಸ್ಕಾಂತಗಳಲ್ಲೇ ಲೆಕ್ಕ ಮಾಡಿ ಗೆಲ್ಲುತ್ತಿತ್ತು. ಅತಿ ಚಿಕ್ಕ ದಾರಿ ಅದಕ್ಕೆ ತಿಳಿಯದು. ಒಮ್ಮೊಮ್ಮೆ 50 ನಡೆ ದಾಟುತ್ತಿತ್ತು. ಈ ಕೊನೆಯಾಟ ಎಂಥ ಸ್ಥಿತಿಯಿಂದ ಶುರುವಾದರೂ 16 ನಡೆಯಲ್ಲಿ ಮುಗಿಯುತ್ತದೆಂದು ಇವತ್ತಿನ ಪಟ್ಟಿ ಹೇಳುತ್ತದೆ.

◆ ಮಂತ್ರಿಯೊಬ್ಬನಿದ್ದರೆ 10 ನಡೆ ಸಾಕು. ಎರಡು ಒಂಟೆಗೆ 19. ಒಂದು ಒಂಟೆ, ಒಂದು ಕುದುರೆಯಾದರೆ 33. ಬಲ್ಲವರೂ ಬೆವರುವುದು ಈ ಕೊನೆಯದಕ್ಕೆ.

◆ ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆ ರೂಪಿಸಿದವರಲ್ಲೊಬ್ಬರು ಕೆನ್ ಥಾಂಪ್ಸನ್. ಅವರಿಗೆ ಚೆಸ್ ಹುಚ್ಚು. 1977ರಲ್ಲಿ ಅವರು ಮಂತ್ರಿಗೆ ಎದುರಾಗಿ ಆನೆ ಇರುವ ಕೊನೆಯಾಟದ ಪೂರ್ತಿ ಪಟ್ಟಿ ತಯಾರಿಸಿದರು. ಮಂತ್ರಿ ಇದ್ದವನು ಗೆಲ್ಲುತ್ತಾನೆ, ಅದರಲ್ಲೇನು ಕಷ್ಟ ಎಂದು ಪುಸ್ತಕಗಳು ಒಂದೆರಡು ಪುಟದಲ್ಲಿ ಮುಗಿಸುತ್ತಿದ್ದವು. ಆದರೆ ಪಟ್ಟಿ ನೋಡಿ ಆನೆ ನಡೆಸುವ ಯಂತ್ರ ಪುಸ್ತಕದಲ್ಲಿಲ್ಲದ ನಡೆಗಳನ್ನು ಆಡಿತು. ಆನೆಯನ್ನು ರಾಜನ ಪಕ್ಕದಲ್ಲೇ ಇಟ್ಟುಕೊಳ್ಳಬೇಕು ಎನ್ನುವುದು ಮನುಷ್ಯರ ನಂಬಿಕೆ. ಯಂತ್ರ ಅದನ್ನು ದೂರ ಕಳಿಸಿತು.

ಅಮೆರಿಕದ ಚಾಂಪಿಯನ್ ಆಗಿದ್ದ ಗ್ರ್ಯಾಂಡ್‌ಮಾಸ್ಟರ್ ವಾಲ್ಟರ್ ಬ್ರೌನ್ ಬಾಜಿ ಕಟ್ಟಿ ಮಂತ್ರಿಯ ಕಡೆ ಕುಳಿತರು. 31 ನಡೆಯಲ್ಲಿ ಗೆಲ್ಲಬಹುದಾದ ಸ್ಥಿತಿ, ಕೈಯಲ್ಲಿ 50 ನಡೆಯ ಅವಕಾಶ. ಆದರೂ ಆಗಲಿಲ್ಲ. ಬ್ರೌನ್ ಸುಮ್ಮನಾಗದೆ ಮನೆಗೆ ಹೋಗಿ ಅಭ್ಯಾಸ ಮಾಡಿ ಬಂದು ಎರಡನೆಯ ಸಲ ಕುಳಿತರು. ಸರಿಯಾಗಿ 50ನೆಯ ನಡೆಯಲ್ಲಿ ಆನೆ ಹೊಡೆದು ಬಾಜಿ ವಾಪಸು ಗೆದ್ದರು. ಯಂತ್ರದಿಂದ ಸೋತು, ಕಲಿತು, ಅದನ್ನೇ ಗೆದ್ದವರು ಇವರು.

◆ ಎರಡು ಒಂಟೆಗೆ ಎದುರಾಗಿ ಒಂದು ಕುದುರೆಯಿದ್ದರೆ ಡ್ರಾ ಎಂದು ಚೆಸ್ ಲೋಕ ನೂರಕ್ಕೂ ಹೆಚ್ಚು ವರ್ಷ ನಂಬಿತ್ತು. ಕುದುರೆಗೊಂದು ಕೋಟೆಯಿದೆ ಎಂದು 1851ರಲ್ಲಿ ಚೆಸ್ ಪಂಡಿತರಾದ ಕ್ಲಿಂಗ್ ಮತ್ತು ಹಾರ್ವಿಟ್ಸ್ ತೋರಿಸಿದ್ದರು. 1983ರಲ್ಲಿ ಥಾಂಪ್ಸನ್‌ರ ಪಟ್ಟಿ ಆ ಕೋಟೆಯನ್ನು ಕೆಡವಿತು. ಒಂಟೆಗಳು ಗೆಲ್ಲುತ್ತವೆ, ಹೆಚ್ಚೆಂದರೆ 66 ನಡೆ ಬೇಕು. ಆದರೆ ಕಾಯಿ ಹೊಡೆಯದೆ, ಕಾಲಾಳು ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದೆಂಬ ನಿಯಮವಿದೆಯಲ್ಲ! ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಕೆಲವು ಕೊನೆಯಾಟಗಳಿಗೆ ಮಿತಿಯನ್ನು ಹೆಚ್ಚಿಸಿ ನೋಡಿತು. ಆಮೇಲೆ ಇಂಥ ವಿನಾಯಿತಿಗಳ ಪಟ್ಟಿಯೇ ಬೆಳೆಯುತ್ತ ಹೋದೀತೆಂದು 1992ರಲ್ಲಿ ಎಲ್ಲವನ್ನೂ ತೆಗೆದು ಹಳೆಯ 50ಕ್ಕೇ ಮರಳಿತು. ಒಳ್ಳೆಯದೇ ಮಾಡಿತು ಎನ್ನಬೇಕು.

◆ ಹುಡುಕಾಟದ ನಡುವೆ ಎಂಜಿನ್ ಸ್ಥಿತಿಯನ್ನು ಗುರುತಿಸುವುದು ಹೇಗೆ? 64 ಮನೆಯನ್ನೂ ಪ್ರತಿ ಸಲ ನೋಡುತ್ತ ಕುಳಿತರೆ ಆಗುವ ಕೆಲಸವಲ್ಲ. 1970ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲ್ಬರ್ಟ್ ಝೋಬ್ರಿಸ್ಟ್ ಒಂದು ಉಪಾಯ ಕೊಟ್ಟರು. ಕಾಯಿಗಳಲ್ಲಿ 12 ಬಗೆ, ಮನೆ 64. ಪ್ರತಿ ಕಾಯಿ-ಮನೆ ಜೋಡಿಗೆ ಒಂದೊಂದು ಗೊತ್ತುಗುರಿಯಿಲ್ಲದ ದೊಡ್ಡ ಸಂಖ್ಯೆ ಕೊಟ್ಟರೆ ಒಟ್ಟು 768 ಸಂಖ್ಯೆಗಳು. ಹಲಗೆಯ ಮೇಲಿರುವ ಕಾಯಿಗಳ ಸಂಖ್ಯೆಗಳನ್ನು ‘ಎಕ್ಸ್‌ಆರ್’ ಎಂಬ ಕ್ರಿಯೆಯಿಂದ ಬೆಸೆದರೆ ಆ ಸ್ಥಿತಿಗೊಂದು ಬೀಗದ ಕೈ ಸಿಗುತ್ತದೆ. ಸೇರಿಸಲೂ ತೆಗೆಯಲೂ ಕ್ರಿಯೆ ಒಂದೇ ಆದ್ದರಿಂದ, ಕುದುರೆ ಜಾಗ ಬದಲಿಸಿದರೆ ಹಳೆಯ ಮನೆಯ ಸಂಖ್ಯೆ ಒಮ್ಮೆ, ಹೊಸ ಮನೆಯದು ಒಮ್ಮೆ ಬೆಸೆದರೆ ಮುಗಿಯಿತು.

◆ ಕೊನೆಯಾಟಕ್ಕೆ ಇನ್ನೂ ಸರಳವಾದ ಇನ್ನೊಂದು ಬೀಗದ ಕೈ ಇದೆ. ಕಾಯಿಗಳು ಎಲ್ಲಿವೆ ಎನ್ನುವುದನ್ನು ಬಿಟ್ಟು ಯಾವ ಕಾಯಿ ಎಷ್ಟು ಉಳಿದಿವೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಬಿಳಿಗೆ ರಾಜ, ಒಂದು ಕಾಲಾಳು, ಕಪ್ಪಿಗೆ ಬರೀ ರಾಜ ಎಂದು ಗೊತ್ತಾದ ಕೂಡಲೇ ಆ ಕೊನೆಯಾಟದ ಗುರುತುಗಾರನಿಗೆ ಕರೆ ಹೋಗುತ್ತದೆ. ಕಾಯಿ ಹೊಡೆದಾಗ ಅಥವಾ ಕಾಲಾಳು ಬಡ್ತಿ ಪಡೆದಾಗ ಮಾತ್ರ ಈ ಕೈ ಬದಲಾಗುವುದರಿಂದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ.

◆ ರಾಜ ಮತ್ತು ಕಾಲಾಳು, ಎದುರಿಗೆ ಒಂಟಿ ರಾಜ: ಈ ಇಡೀ ಕೊನೆಯಾಟ 24 ಕಿಲೋಬೈಟಿನಲ್ಲಿ ಹಿಡಿಸುತ್ತದೆ. ಲೆಕ್ಕ ನೀವೇ ಮಾಡಿ. ಎಡಕ್ಕಿರುವುದನ್ನು ಬಲಕ್ಕೆ ತಿರುಗಿಸಿದರೂ ಆಟ ಅದೇ ಆದ್ದರಿಂದ ಕಾಲಾಳಿಗೆ 24 ಮನೆ ಸಾಕು. ರಾಜರಿಗೆ 64, 64. ನಡೆ ಯಾರದು ಎಂಬುದಕ್ಕೆ 2. ಗುಣಿಸಿದರೆ 1,96,608. ಒಂದೊಂದಕ್ಕೂ ಒಂದೇ ಬಿಟ್: ಗೆಲುವಾದರೆ 1, ಇಲ್ಲದಿದ್ದರೆ 0. ಎಂಟರಿಂದ ಭಾಗಿಸಿದರೆ 24,576 ಬೈಟ್. ವಾಟ್ಸ್‌ಆ್ಯಪಿನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರ ಇದಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ.

◆ ‘ನಡೆ ಯಾರದು’ ಎಂಬ ಆ 2 ಯಾಕೆ ಬೇಕು ಅನ್ನುತ್ತೀರಾ? ಹಲಗೆ ತೆಗೆದು ಬಿಳಿ ರಾಜನನ್ನು ಇ5ರಲ್ಲಿ, ಬಿಳಿ ಕಾಲಾಳನ್ನು ಇ4ರಲ್ಲಿ, ಕಪ್ಪು ರಾಜನನ್ನು ಇ7ರಲ್ಲಿ ಇಡಿ. ನಡೆ ಕಪ್ಪಿನದಾದರೆ ಅವನು ಜಾಗ ಬಿಡಲೇಬೇಕು. ಡಿ7ಕ್ಕೆ ಹೋದರೆ ಬಿಳಿ ರಾಜ ಎಫ್6ಕ್ಕೆ ನುಗ್ಗುತ್ತಾನೆ, ಹಿಂದೆಯೇ ಕಾಲಾಳು ನಡೆದು ಮಂತ್ರಿಯಾಗುತ್ತದೆ. ನಡೆ ಬಿಳಿಯದಾದರೆ? ಜಾಗ ಬಿಡುವ ಸರದಿ ಬಿಳಿ ರಾಜನದು. ಎತ್ತ ಸರಿದರೂ ಕಪ್ಪು ರಾಜ ಎದುರಿಗೇ ಬಂದು ನಿಲ್ಲುತ್ತಾನೆ, ಕೊನೆಗೆ ಕಾಲಾಳು ಏಳನೆಯ ಸಾಲಿಗೆ ಬಂದು ಸಿಕ್ಕಿಬೀಳುತ್ತದೆ. ಅದು ಡ್ರಾ. ಕಾಯಿಗಳೂ ಮನೆಗಳೂ ಅವೇ, ಫಲ ಮಾತ್ರ ಬೇರೆ.

◆ ಒಂಟೆ ಮತ್ತು ಕಾಲಾಳು ಹೆಚ್ಚಿದ್ದೂ ಗೆಲ್ಲಲಾಗದ ಸ್ಥಿತಿಯಿದೆ. ಕಾಲಾಳು ಅಂಚಿನ ಎ ಸಾಲಿನಲ್ಲಿದ್ದು, ಅದು ಮಂತ್ರಿಯಾಗಬೇಕಾದ ಎ8 ಮನೆಯ ಬಣ್ಣದಲ್ಲಿ ಓಡದ ಒಂಟೆ ನಿಮ್ಮದಾಗಿದ್ದರೆ, ಎದುರಾಳಿಯ ರಾಜ ಆ ಮೂಲೆ ಸೇರಿದ ಮೇಲೆ ಅವನನ್ನು ಎಬ್ಬಿಸಲಾಗದು. ಬಿಗಿದರೆ ಸ್ಟೇಲ್‌ಮೇಟ್ (ಚೆಕ್ ಇಲ್ಲದೆಯೂ ಆಡಲು ನಡೆಯಿಲ್ಲದೆ ಡ್ರಾ), ಸಡಿಲಿಸಿದರೆ ಮೂಲೆಗೆ ವಾಪಸು. ಅದೇ ಸಾಲಿನಲ್ಲಿ ಇನ್ನೂ ಎರಡು ಕಾಲಾಳು ಹಿಂದೆ ನಿಲ್ಲಿಸಿದರೂ ಅಷ್ಟೇ. ಬರೀ ಕಾಯಿಗಳ ಬೆಲೆ ಕೂಡಿಸುವ ಎಂಜಿನ್ ಇದನ್ನು ‘ಭಾರಿ ಮುನ್ನಡೆ’ ಎಂದು ಓದಿ, ಗೆಲ್ಲುತ್ತಿದ್ದ ಆಟವನ್ನು ಇಲ್ಲಿಗೆ ತಂದು ಕೆಡಿಸಿಕೊಳ್ಳುತ್ತದೆ. ಗುರುತುಗಾರನಿದ್ದರೆ ಹತ್ತು ನಡೆ ಮೊದಲೇ ‘ಸೊನ್ನೆ’ ಎಂದು ಎಚ್ಚರಿಸುತ್ತಾನೆ.

◆ ಎರಡು ಕುದುರೆಗಳಿಂದ ಒಂಟಿ ರಾಜನನ್ನು ಬಲವಂತವಾಗಿ ಕಟ್ಟಿಹಾಕಲಾಗದು. ಆದರೆ ಆ ರಾಜನಿಗೆ ಒಂದು ಕಾಲಾಳು ಇದ್ದರೆ ಕಟ್ಟಿಹಾಕಬಹುದು! ಆಡಲು ಒಂದು ನಡೆ ಉಳಿದಿರುವುದರಿಂದ ಸ್ಟೇಲ್‌ಮೇಟ್ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಕಾಲಾಳನ್ನು ಎಲ್ಲಿ ತಡೆದು ನಿಲ್ಲಿಸಿದರೆ ಗೆಲುವು ಖಚಿತ ಎಂದು ರಷ್ಯದ ಅಲೆಕ್ಸಿ ಟ್ರೊಯಿಟ್ಸ್‌ಕಿ (1866–1942) ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೈಯಾರೆ ಲೆಕ್ಕ ಹಾಕಿದರು. ಈ ಕೊನೆಯಾಟಕ್ಕೆ 115 ನಡೆವರೆಗೂ ಬೇಕಾಗಬಹುದೆಂದು ಪಟ್ಟಿ ಹೇಳುತ್ತದೆ. ಮನುಷ್ಯನೊಬ್ಬ ಇಷ್ಟು ಆಳ ಹೋದದ್ದು ನನಗೆ ಯಂತ್ರದ 424 ಲಕ್ಷ ಕೋಟಿಗಿಂತ ದೊಡ್ಡದಾಗಿ ಕಾಣುತ್ತದೆ.

◆ ಗುರುತುಗಾರನಿಗೆ ಪೂರ್ತಿ ಉತ್ತರ ಗೊತ್ತಿರಲೇಬೇಕೆಂದಿಲ್ಲ. ಒಂಟಿ ರಾಜ ಗೆಲ್ಲಲಾರ. ಇಷ್ಟು ಹೇಳಿದರೂ ‘ಇದಕ್ಕಿಂತ ಮೇಲೆ ಹೋಗದು’ ಎಂದು ತಿಳಿದು ಎಂಜಿನ್ ಹಲವು ಕವಲುಗಳನ್ನು ಕಡಿದುಹಾಕಬಹುದು. ಚೆಸ್ ಪ್ರೋಗ್ರಾಮರ್ ಡೇವಿಡ್ ಸ್ಲೇಟ್ 1984ರಲ್ಲಿ ಈ ವಿಚಾರ ಬರೆದರು. ಜರ್ಮನಿಯ ಅರ್ನ್ಸ್ಟ್ ಹೈನ್ಸ್ 1998ರಲ್ಲಿ ‘ಡಾರ್ಕ್‌ಥಾಟ್’ ಎಂಬ ಎಂಜಿನ್ನಿಗಾಗಿ ಅದನ್ನು ಚೊಕ್ಕಟ ಮಾಡಿದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದು ಗುರುತುಗಾರನ ಮೊದಲ ಕರ್ತವ್ಯ. ತಪ್ಪು ಗುರುತು ಹಿಡಿದರೆ ಅದರ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ.

◆ ಗುರುತು ಹಿಡಿಯುವ ಕಸುಬು ಗೌರಿಬಿದನೂರಿಗೂ ಹಳೆಯದು. ಭಾಭಾ ಅಣುಸಂಶೋಧನಾ ಕೇಂದ್ರ ಅಲ್ಲಿ 1960ರ ದಶಕದಲ್ಲಿ ಭೂಕಂಪಮಾಪಕಗಳ ಸಾಲನ್ನು ನೆಟ್ಟಿತು. ದೂರದೇಶದಲ್ಲಿ ನೆಲ ಅದುರಿದಾಗ ಅದು ಭೂಕಂಪವೋ, ನೆಲದಡಿಯ ಅಣುಸ್ಫೋಟವೋ ಎಂದು ಅಲೆಯ ಗುರುತಿನಿಂದಲೇ ಹೇಳುವುದು ಅದರ ಕೆಲಸಗಳಲ್ಲೊಂದು. ಅಲ್ಲಿಯೂ ತಪ್ಪು ಗುರುತಿನ ಬೆಲೆ ದುಬಾರಿ.

◆ ಏಳು ಕಾಯಿಯ ಮೊದಲ ಪೂರ್ಣ ಪಟ್ಟಿ 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ‘ಲೊಮೊನೊಸೊವ್’ ಸೂಪರ್ ಕಂಪ್ಯೂಟರಿನಲ್ಲಿ ತಯಾರಾಯಿತು. ಗಾತ್ರ 140 ಟೆರಾಬೈಟ್. ಅದನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳಬೇಕು?

◆ ನೆದರ್ಲೆಂಡ್ಸಿನ ರೊನಾಲ್ಡ್ ದೆ ಮಾನ್ 2013ರಲ್ಲಿ ಪ್ರಕಟಿಸಿದ ‘ಸಿಜಿಜಿ’ ವಿಧಾನ ಇದಕ್ಕೆ ಮದ್ದು ಕಂಡುಹಿಡಿಯಿತು. ಹುಡುಕಾಟದ ನಡುವೆ ಎಂಜಿನ್ನಿಗೆ ಬೇಕಾದದ್ದು ಗೆಲುವೇ, ಡ್ರಾನೇ, ಸೋಲೇ ಎಂಬುದಷ್ಟೇ. ಮುಂದಿನ ಕಾಯಿ ಹೊಡೆತಕ್ಕೋ ಕಾಲಾಳಿನ ನಡೆಗೋ ಇನ್ನೆಷ್ಟು ನಡೆ ಎಂಬ ವಿವರ ಬೇಕಾಗುವುದು ಅಂಥ ಸ್ಥಿತಿ ನಿಜವಾಗಿ ಹಲಗೆಯ ಮೇಲೆ ಬಂದಾಗ. ಆದ್ದರಿಂದ ಎರಡನ್ನೂ ಬೇರೆ ಬೇರೆ ಫೈಲ್ ಮಾಡಿದರು. ಐದು ಕಾಯಿಯವರೆಗಿನ ಪಟ್ಟಿ ಈಗ 1 ಗಿಗಾಬೈಟಿಗೂ ಕಡಿಮೆ, ಆರರದು ಸುಮಾರು 150 ಗಿಗಾಬೈಟ್. ಏಳರದು 2018ರಲ್ಲಿ ಮುಗಿಯಿತು, ಸುಮಾರು 18 ಟೆರಾಬೈಟ್.

◆ ಸಿಜಿಜಿ ಪಟ್ಟಿಯಲ್ಲಿ ಫಲಿತಾಂಶ ಮೂರಲ್ಲ, ಐದು. ಗೆಲುವಿದೆ, ಆದರೆ 50 ನಡೆಯ ನಿಯಮ ಅಡ್ಡ ಬಂದು ಡ್ರಾ ಆಗುವಂಥದ್ದಕ್ಕೆ ‘ಶಾಪಗ್ರಸ್ತ ಗೆಲುವು’ ಎಂದು ಹೆಸರು. ಎದುರಾಳಿಯ ಕಡೆಯಿಂದ ನೋಡಿದರೆ ಅದೇ ‘ವರ ಪಡೆದ ಸೋಲು’. ಪ್ರೋಗ್ರಾಮರುಗಳಲ್ಲೂ ಪುರಾಣ ಬಲ್ಲವರಿದ್ದಾರೆ.

◆ ಏಳು ಕಾಯಿಗಳಲ್ಲಿ ಅತಿ ದೀರ್ಘ ಗೆಲುವು 549 ನಡೆ. ಆ ನಡೆಗಳನ್ನು ಗ್ರ್ಯಾಂಡ್‌ಮಾಸ್ಟರುಗಳೂ ಓದಿ ಅರ್ಥ ಮಾಡಿಕೊಳ್ಳಲಾರರು. ಗೆಲುವು ನಿಜ, ಕಾರಣ ಯಾರಿಗೂ ಹೇಳಲು ಬಾರದು. ಇದನ್ನು ಜ್ಞಾನ ಎನ್ನಬೇಕೋ ದಾಖಲೆ ಎನ್ನಬೇಕೋ? ನನ್ನ ಓಟು ದಾಖಲೆಗೆ.

◆ ಕೈಯಾರೆ ಬರೆದ ಗುರುತುಗಾರರ ಕಾಲ ಮುಗಿಯುತ್ತಾ ಬಂತು. ಜಗತ್ತಿನ ಬಲಿಷ್ಠ ಎಂಜಿನ್ನುಗಳಲ್ಲೊಂದಾದ, ಉಚಿತವಾಗಿ ಸಿಗುವ ಸ್ಟಾಕ್‌ಫಿಶ್ 2020ರಲ್ಲಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಅಳವಡಿಸಿಕೊಂಡಿತು. ಕೈಬರಹದ ಮೌಲ್ಯಮಾಪನದ ಕೋಡನ್ನು 2023ರಲ್ಲಿ ಪೂರ್ತಿ ತೆಗೆದುಹಾಕಿದರು. ಟೇಬಲ್‌ಬೇಸ್ ನೋಡುವ ಕಿಟಕಿಯನ್ನು ಮಾತ್ರ ಮುಚ್ಚಲಿಲ್ಲ.

◆ ಕ್ಯೂಬಾದ ವಿಶ್ವ ಚಾಂಪಿಯನ್ ಕಪಾಬ್ಲಾಂಕ ತಮ್ಮ 1921ರ ಪುಸ್ತಕವನ್ನು ಶುರು ಮಾಡಿದ್ದು ಕೊನೆಯಾಟದಿಂದ. ನಮ್ಮಲ್ಲೂ ಈ ಆಟದಲ್ಲಿ ಮೇಲೇರಿದವರಿದ್ದಾರೆ. ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಆ ಸಾಲು ಸೇರಿದರು. ನಿಮ್ಮ ಮಗುವೂ ಚೆಸ್ ತರಗತಿಗೆ ಹೋಗುತ್ತಿದ್ದರೆ ಮೊಬೈಲಿನಲ್ಲಿ ಲೀಚೆಸ್ ತೆರೆದು ಏಳು ಕಾಯಿ ಇಟ್ಟು ನೋಡಿ. ದುಡ್ಡು ಕೇಳದೆ ಸರಿಯುತ್ತರ ಹೇಳುತ್ತದೆ.

◆ ಕೊನೆಯದಾಗಿ ನಮ್ಮ ಮೂರು ಹುಲಿಗಳ ಲೆಕ್ಕ. 23 ಜಾಗದಲ್ಲಿ ಮೂರು ಹುಲಿ ಕೂರಿಸುವ ಬಗೆ 1,771. ಉಳಿದ 20 ಜಾಗದಲ್ಲಿ ಸೊನ್ನೆಯಿಂದ ಹದಿನೈದರವರೆಗೆ ಕುರಿ ಇಡುವ ಬಗೆ 10,42,380. ಗುಣಿಸಿದರೆ ಸುಮಾರು 185 ಕೋಟಿ. ನಡೆ ಯಾರದು ಎಂದು ಸೇರಿಸಿದರೆ 369 ಕೋಟಿ. ಒಂದೊಂದಕ್ಕೆ ಎರಡು ಬಿಟ್ ಕೊಟ್ಟರೂ 1 ಗಿಗಾಬೈಟ್ ಮೀರದು. ಮನೆಯ ಎಡಬಲ ಒಂದೇ ಆದ್ದರಿಂದ ಅದರಲ್ಲೂ ಅರ್ಧ ಉಳಿಸಬಹುದು. ಕುರಿಗಳನ್ನು ಸರಿಸುವ ಹಂತದ ಇಡೀ ಪಟ್ಟಿ ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಕೂರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಹಳೆಯ ಹಾಜರಾತಿ ಆ್ಯಪನ್ನೇ ಮತ್ತೆ ಮಾಡುವ ಬದಲು ಇದನ್ನು ಮಾಡಲಿ. ಆದರೆ ಊರಿಂದ ಊರಿಗೆ ಕುರಿಯ ಲೆಕ್ಕ ಬೇರೆ, ಹುಲಿ ಎಷ್ಟು ತಿಂದರೆ ಗೆದ್ದಂತೆ ಎಂಬ ಕರಾರು ಬೇರೆ. ಹಂಪಿಯ ಕಲ್ಲುಹಾಸುಗಳಲ್ಲಿ ಕೊರೆದ ಆಟದ ಮನೆಗಳನ್ನು ವಿದ್ವಾಂಸರು ದಾಖಲಿಸಿದ್ದಾರೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಗುಡಿ, ಮಂಟಪ, ಅರಳಿಕಟ್ಟೆಗಳ ಹಾಸುಗಲ್ಲನ್ನೂ ಒಮ್ಮೆ ಬಗ್ಗಿ ನೋಡಿ. ಗೆರೆ ಕಂಡರೆ ಜೀರ್ಣೋದ್ಧಾರದ ಟೈಲ್ಸ್ ಬೀಳುವ ಮೊದಲೇ ಫೋಟೊ ತೆಗೆಯಿರಿ. ಆಡಿ ಬಲ್ಲ ಹಿರಿಯರನ್ನು ಕೇಳಿ ನಿಯಮಗಳನ್ನು ಬರೆದುಕೊಳ್ಳಿ. ಕೋಡ್ ಆಮೇಲೆ ಬರೆದರಾಯಿತು.